ಡ್ರೈವರ್ ಕೊಳ್ಳುವ ಮುನ್ನ

ಗಾಲ್ಫ್ ಆಡುವವರ ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ಬುಗಳು ಇರಕೂಡದು. 1938ರಲ್ಲಿ ಅಮೆರಿಕದ ಗಾಲ್ಫ್ ಆಡಳಿತ ಸಂಸ್ಥೆ ಈ ಕಟ್ಟಳೆ ಮಾಡಿತು, ಮರುವರ್ಷ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್ ಕ್ಲಬ್ಬಿನವರೂ ಒಪ್ಪಿಕೊಂಡರು. ಆ 14ರಲ್ಲಿ ಉದ್ದನೆಯದು, ಹಗುರವಾದದ್ದು, ಎಲ್ಲಕ್ಕಿಂತ ದುಬಾರಿಯಾದದ್ದು ಡ್ರೈವರ್. ಟೀ ಎಂಬ ಪುಟ್ಟ ಮೊಳೆಯ ಮೇಲೆ ಚೆಂಡನ್ನು ಕೂರಿಸಿ, ಗುಂಡಿಯಿಂದ ನಾನ್ನೂರು ಗಜ ಹಿಂದೆ ನಿಂತು, ಮೊದಲ ಏಟು ಹೊಡೆಯುವ ಕೋಲು ಅದು. 18 ಗುಂಡಿಗಳ ಒಂದು ಸುತ್ತಿನಲ್ಲಿ ಅದನ್ನು ಕೈಗೆತ್ತಿಕೊಳ್ಳುವ ಸಂದರ್ಭ ಹೆಚ್ಚೆಂದರೆ 14 ಸಲ. ಚೆಂಡನ್ನು ಗುಂಡಿಗೆ ಉರುಳಿಸುವ ಪಟರ್ ಹಿಡಿಯುವುದು ಅದರ ಎರಡರಷ್ಟು ಸಲಕ್ಕೂ ಹೆಚ್ಚು. ಆದರೂ ಆಟ ಮುಗಿಸಿ ಕ್ಲಬ್ಬಿನ ವರಾಂಡದಲ್ಲಿ ಕಾಫಿಗೆ ಕೂತವರ ಬಾಯಲ್ಲಿ ಪಟರಿನ ಹೆಸರು ಬರುವುದೇ ಅಪರೂಪ. ‘ಯಾವ ಡ್ರೈವರ್ ತಗೊಂಡ್ರಿ? ಎಷ್ಟು ಗಜ ಹೋಯ್ತು?’ ಮಾತೆಲ್ಲ ಇಷ್ಟೇ.

ಹವ್ಯಾಸಕ್ಕೆ ಆಡುವವರು ಡ್ರೈವರನ್ನು ಹೇಗೆ ಆರಿಸಿಕೊಳ್ಳಬೇಕು, ತಮ್ಮ ಅಳತೆಗೆ ಹೇಗೆ ಹೊಂದಿಸಿಕೊಳ್ಳಬೇಕು ಎನ್ನುವುದು ಇವತ್ತಿನ ಮಾತು. ವೃತ್ತಿ ಆಟಗಾರರ ಗೊಡವೆ ನಮಗೆ ಬೇಡ. ಅವರಿಗೆ ಕಂಪನಿಯವರೇ ಟ್ರಕ್ಕಿನಲ್ಲಿ ಕಾರ್ಖಾನೆ ಹೇರಿಕೊಂಡು ಮೈದಾನಕ್ಕೆ ಬರುತ್ತಾರೆ. ವಾರಾಂತ್ಯದಲ್ಲಿ ಬೆಳಗಿನ ಜಾವ ಎದ್ದು ಆಡಿ, ಸೋಮವಾರ ಕಚೇರಿಗೆ ಹೋಗುವವರ ಕಷ್ಟ ಬೇರೆ.

ಮೊದಲು ಈ ಕೋಲಿನ ಪೂರ್ವಾಪರ ಸ್ವಲ್ಪ ನೋಡೋಣ. ಅಂಗಡಿಯ ಜಾಹೀರಾತನ್ನು ಎಷ್ಟು ನಂಬಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ನಮ್ಮ ಹಿಂದಿನ ತಲೆಮಾರಿನವರು ಆಡಿದ್ದು ಮರದ ತಲೆಯ ಡ್ರೈವರಿನಲ್ಲಿ. ಆ ಮರ ಅಮೆರಿಕದ ಪರ್ಸಿಮನ್. ನಮ್ಮ ಕಾಡಿನ ಬೀಡಿ ಎಲೆಯ ಮರಕ್ಕೂ, ಎಬೊನಿಯ ಕರಿಮರಕ್ಕೂ ಅದು ಹತ್ತಿರದ ನೆಂಟ, ಒಂದೇ ಕುಲದ್ದು. ಗಟ್ಟಿ ಮರ, ಒಳ್ಳೆಯ ಸದ್ದು, ಆದರೆ ತಲೆ ಚಿಕ್ಕದು. 1979ರಲ್ಲಿ ಗ್ಯಾರಿ ಆಡಮ್ಸ್ ಎಂಬಾತ ಟೇಲರ್‌ಮೇಡ್ ಕಂಪನಿ ಶುರು ಮಾಡಿ, ಉಕ್ಕಿನ ಪೊಳ್ಳು ತಲೆಯ ಡ್ರೈವರನ್ನು ಮಾರುಕಟ್ಟೆಗೆ ತಂದ. ಉಕ್ಕಿನ ಊರು ಪಿಟ್ಸ್‌ಬರ್ಗ್ ತಾನೆ, ಅದಕ್ಕೆ ಜನ ತಮಾಷೆಗೆ ಅದನ್ನು ‘ಪಿಟ್ಸ್‌ಬರ್ಗ್ ಪರ್ಸಿಮನ್’ ಎಂದು ಕರೆದರು. 1991ರಲ್ಲಿ ಕ್ಯಾಲವೇ ಕಂಪನಿಯ ‘ಬಿಗ್ ಬರ್ಥಾ’ ಬಂತು. ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರನ್ನೇ ಇಟ್ಟಿದ್ದರು. ಅದರ ತಲೆ 190 ಘನ ಸೆಂಟಿಮೀಟರ್. ಆ ಕಾಲಕ್ಕೆ ಅದೇ ಭಾರೀ ದೊಡ್ಡದು. ಆಮೇಲೆ ಟೈಟಾನಿಯಂ ಬಂತು. ಉಕ್ಕಿಗಿಂತ ಹಗುರ, ಗಟ್ಟಿಯೂ ಹೌದು. ಹಾಗಾಗಿ ತೂಕ ಏರಿಸದೆಯೇ ತಲೆಯನ್ನು ಹಿಗ್ಗಿಸಬಹುದಾಯಿತು, ಚೆಂಡಿಗೆ ತಾಗುವ ಫೇಸನ್ನು ತೆಳ್ಳಗೆ ಮಾಡಬಹುದಾಯಿತು. ತೆಳು ಫೇಸು ಏಟಿಗೆ ಬಾಗಿ ಮರಳಿ ಪುಟಿಯುತ್ತದೆ, ಚೆಂಡು ಇನ್ನಷ್ಟು ರಭಸದಿಂದ ಚಿಮ್ಮುತ್ತದೆ. ಹೀಗೇ ಬಿಟ್ಟರೆ ಮೈದಾನಗಳು ಸಾಲವು ಎಂದು ಆಡಳಿತದವರಿಗೆ ದಿಗಿಲಾಯಿತು.

ಅಲ್ಲಿಂದ ಮುಂದೆ ಬೇಲಿ ಬಿತ್ತು. ತಲೆಯ ಗಾತ್ರ 460 ಘನ ಸೆಂಟಿಮೀಟರ್ ದಾಟಕೂಡದು, ಅಂದರೆ ಅರ್ಧ ಲೀಟರಿಗೆ ತುಸು ಕಡಿಮೆ. ಫೇಸಿನ ಪುಟಿತಕ್ಕೂ ಮಿತಿ ಹಾಕಿದರು. ಸ್ಥೂಲವಾಗಿ ಹೇಳುವುದಾದರೆ, ನೂರರ ವೇಗದಲ್ಲಿ ಬಂದು ಬಡಿದ ಚೆಂಡು 83ರ ವೇಗ ಮೀರಿ ಹಿಂದಕ್ಕೆ ಚಿಮ್ಮಬಾರದು. 2008ರ ಹೊತ್ತಿಗೆ ಈ ಮಿತಿ ಲೋಕದ ಎಲ್ಲ ಆಟಗಾರರಿಗೂ, ಹವ್ಯಾಸಿಗಳಿಗೂ ಅನ್ವಯವಾಯಿತು. ದೊಡ್ಡ ಕಂಪನಿಗಳೆಲ್ಲ ಆ ಬೇಲಿಯ ಅಂಚಿಗೆ ಬಂದು ನಿಂತು ಬಹಳ ವರ್ಷಗಳಾದವು. ಹೀಗಿರುವಾಗ ಪ್ರತಿ ಜನವರಿಯಲ್ಲೂ ‘ಹಿಂದಿನದಕ್ಕಿಂತ 10 ಗಜ ಹೆಚ್ಚು’ ಎಂದು ಕೂಗುವುದನ್ನು ನೀವೇ ಕೂಡಿಸಿ ನೋಡಿ. ಆ ಕೂಗೆಲ್ಲ ನಿಜವಾಗಿದ್ದರೆ ಬೆಂಗಳೂರಿನ ಹೈಗ್ರೌಂಡ್ಸ್ ಗಾಲ್ಫ್ ಮೈದಾನದಲ್ಲಿ ಹೊಡೆದ ಚೆಂಡು ಇಷ್ಟು ಹೊತ್ತಿಗೆ ಮೆಜೆಸ್ಟಿಕ್ಕಿನಲ್ಲಿ ಬೀಳಬೇಕಿತ್ತು.

ಹಾಗಾದರೆ ಹೊಸ ಡ್ರೈವರಿನಲ್ಲಿ ಏನೂ ಇಲ್ಲವೇ? ಇದೆ. ಫೇಸಿನ ನಟ್ಟನಡುವೆ ತಾಗಿದ ಏಟು ಹತ್ತು ವರ್ಷದ ಹಿಂದಿನ ಡ್ರೈವರಿಗೂ ಇಂದಿನದಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ನಡು ತಪ್ಪಿದ ಏಟಿನಲ್ಲಿ ಹೊಸ ತಲೆ ಕಡಿಮೆ ತಿರುಚಿಕೊಳ್ಳುತ್ತದೆ. ತೂಕವನ್ನು ತಲೆಯ ಅಂಚಿಗೆ, ಹಿಂಭಾಗಕ್ಕೆ ಹರಡಿ ಇದನ್ನು ಸಾಧಿಸಿದ್ದಾರೆ. ನಮ್ಮಂಥವರು ನಡು ತಪ್ಪಿಸುವುದೇ ಹೆಚ್ಚು, ಆದ್ದರಿಂದ ಇದು ಸಣ್ಣ ಉಪಕಾರವಲ್ಲ. ಎರಡನೆಯದು, ಲಾಫ್ಟ್ (ಫೇಸಿನ ಓರೆ) ಮತ್ತು ತೂಕವನ್ನು ಒಂದು ಸಣ್ಣ ವ್ರೆಂಚಿನಿಂದ ಬದಲಿಸಿಕೊಳ್ಳುವ ಅನುಕೂಲ. ಈ ಎರಡಕ್ಕೂ ಮೂರು ವರ್ಷ ಹಳೆಯ ಮಾದರಿಯೇ ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚೆಂಡು ಎಷ್ಟು ದೂರ ಹೋಗುತ್ತದೆ ಎನ್ನುವುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಚೆಂಡು ಹೊರಟ ವೇಗ, ಹೊರಟ ಕೋನ, ಅದರ ಹಿಮ್ಮುಖ ಸ್ಪಿನ್. ತಲೆ ಎಷ್ಟೇ ಜೋರಾಗಿ ಬೀಸಿ ಬರಲಿ, ಚೆಂಡಿಗೆ ಸಿಗುವ ವೇಗ ತಲೆಯ ವೇಗದ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚಾಗದು. ಆ ಒಂದೂವರೆ ಪಟ್ಟು ಸಿಗುವುದು ನಡುವಿಗೆ ತಾಗಿದಾಗ ಮಾತ್ರ. ಕ್ರಿಕೆಟ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಕೈ ನಡುಗಿಸುತ್ತದೆ, ನಡುವಿಗೆ ತಾಗಿದ್ದು ಏಟಿನ ಅರಿವೇ ಇಲ್ಲದಂತೆ ಗಡಿ ಸೇರುತ್ತದೆ.

ಆದ್ದರಿಂದ ಡ್ರೈವರ್ ಆರಿಸುವ ಕೆಲಸ ಅಂಗಡಿಯಲ್ಲಿ ಶುರುವಾಗುವುದಿಲ್ಲ, ನಿಮ್ಮ ಹಳೆಯ ಡ್ರೈವರಿನ ಫೇಸಿನ ಮೇಲೆ ಶುರುವಾಗುತ್ತದೆ. ಪಾದಕ್ಕೆ ಹೊಡೆದುಕೊಳ್ಳುವ ಪೌಡರ್ ಸ್ಪ್ರೇ ಔಷಧಿ ಅಂಗಡಿಯಲ್ಲಿ ಸಿಕ್ಕರೆ ತನ್ನಿ, ಫೇಸಿನ ಮೇಲೆ ತೆಳ್ಳಗೆ ಹೊಡೆಯಿರಿ. ಬೆಳ್ಳಗೆ ಒಂದು ಪರದೆ ಕೂರುತ್ತದೆ. ಸ್ಪ್ರೇ ಸಿಗದಿದ್ದರೆ ವೈಟ್‌ಬೋರ್ಡಿನ ಮಾರ್ಕರಿನಿಂದ ಚೆಂಡಿನ ಮೇಲೆ ದಪ್ಪಗೆ ಒಂದು ಗುರುತು ಹಾಕಿ, ಆ ಗುರುತು ಫೇಸಿನ ಕಡೆಗಿರುವಂತೆ ಟೀ ಮೇಲಿಡಿ. ಹೊಡೆದ ಮೇಲೆ ಕೋಲನ್ನು ತಿರುಗಿಸಿ ನೋಡಿ. ಚೆಂಡಿನ ಮೈಮೇಲಿನ ಗುಳಿಗಳ ಸಮೇತ ದುಂಡಗೆ ಒಂದು ಮುದ್ರೆ ಮೂಡಿರುತ್ತದೆ. ಮುದ್ರೆ ಶಾಫ್ಟಿನ, ಅಂದರೆ ಕೋಲಿನ ದಂಡದ, ಹತ್ತಿರವಿದ್ದರೆ ಹೀಲ್, ಆಚೆ ತುದಿಯಲ್ಲಿದ್ದರೆ ಟೋ. ಅದು ಮೇಲಿದೆಯೋ ಕೆಳಗಿದೆಯೋ ಅದನ್ನೂ ಗಮನಿಸಿ. ಪ್ರತಿ ಏಟಿಗೂ ಒರೆಸಿ, ಮತ್ತೆ ಹೊಡೆಯಿರಿ. ಒಂದು ಬುಟ್ಟಿ ಚೆಂಡು ಮುಗಿಯುವಷ್ಟರಲ್ಲಿ ನಿಮ್ಮ ಚಾಳಿ ಏನೆಂದು ನಿಮಗೇ ಗೊತ್ತಾಗುತ್ತದೆ.

ಈ ಮುದ್ರೆಗೆ ಇಷ್ಟು ಮಹತ್ವ ಏಕೆಂದರೆ, ಡ್ರೈವರಿನ ಫೇಸು ಚಪ್ಪಟೆಯಲ್ಲ. ಅಡ್ಡಕ್ಕೂ ಉದ್ದಕ್ಕೂ ಸ್ವಲ್ಪ ಉಬ್ಬಿರುತ್ತದೆ. ಬಲಗೈ ಆಟಗಾರ ಟೋ ಕಡೆಗೆ ತಾಗಿಸಿದರೆ ತಲೆ ಒಂದು ಕಡೆ ತಿರುಗುತ್ತದೆ, ಚೆಂಡು ಹಲ್ಲುಚಕ್ರದ ಹಾಗೆ ಅದರ ವಿರುದ್ಧ ದಿಕ್ಕಿಗೆ ತಿರುಗಿ ಎಡಕ್ಕೆ ಬಾಗುತ್ತದೆ. ಹೀಲಿಗೆ ತಾಗಿದರೆ ಬಲಕ್ಕೆ ಬಾಗುತ್ತದೆ; ಹಾಗೆ ಬಲಕ್ಕೆ ಬಾಗುವುದೇ ಸ್ಲೈಸ್. ಮೇಲೆ–ಕೆಳಗೆ ಕೂಡ ಹೀಗೆಯೇ. ನಡುವಿಗಿಂತ ತುಸು ಮೇಲೆ ತಾಗಿದ ಚೆಂಡು ಎತ್ತರಕ್ಕೆ ಹೊರಟು ಕಡಿಮೆ ಸ್ಪಿನ್ನಿನಿಂದ ಸಾಗುತ್ತದೆ. ಕೆಳಗೆ ತಾಗಿದ್ದು ತಗ್ಗಿನಲ್ಲಿ ಹೊರಟು, ಸ್ಪಿನ್ ಹೆಚ್ಚಾಗಿ, ಮುಂದೆ ಸಾಗಬೇಕಾದ ಶಕ್ತಿಯನ್ನೆಲ್ಲ ಗಾಳಿಯಲ್ಲಿ ಕಳೆದುಕೊಳ್ಳುತ್ತದೆ. ‘ನನ್ನದು ಸ್ಲೈಸ್ ಆಗುತ್ತೆ, ಸ್ಲೈಸ್ ಆಗದ ಡ್ರೈವರ್ ಕೊಡಿ’ ಎಂದು ಕೇಳುವವರಲ್ಲಿ ಎಷ್ಟೋ ಮಂದಿ ಹೀಲಿನಲ್ಲಿ ಹೊಡೆಯುತ್ತಿರುತ್ತಾರೆ, ಅಷ್ಟೆ. ಅವರಿಗೆ ಬೇಕಾದದ್ದು ಇನ್ನೊಂದು ತಲೆ ಅಲ್ಲ, ಗಿಡ್ಡನೆಯ ಶಾಫ್ಟ್.

ಉದ್ದದ ಮಾತು ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ. ಅಂಗಡಿಯಲ್ಲಿ ಸಿಗುವ ಡ್ರೈವರುಗಳು ಸಾಮಾನ್ಯವಾಗಿ ನಲವತ್ತೈದೂವರೆ ಇಂಚು, ಕೆಲವು ಅದಕ್ಕೂ ತುಸು ಹೆಚ್ಚು. ನಿಯಮದ ಮೇರೆ 48 ಇಂಚು. 2022ರಿಂದ ದೊಡ್ಡ ಪಂದ್ಯಗಳಲ್ಲಿ ಅದನ್ನು 46ಕ್ಕೆ ಇಳಿಸಲು ಸಂಘಟಕರಿಗೆ ಅವಕಾಶ ಕೊಟ್ಟಿದ್ದಾರೆ. ಶಾಫ್ಟ್ ಉದ್ದವಾದಷ್ಟೂ ತಲೆಯ ವೇಗ ಹೆಚ್ಚುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಕೋಲು ಉದ್ದವಾದಷ್ಟೂ ಚೆಂಡು ನಡುವಿಗೆ ಸಿಗುವುದು ಕಷ್ಟ. ದಿನವೂ ನೂರಾರು ಚೆಂಡು ಹೊಡೆಯುವ ವೃತ್ತಿ ಆಟಗಾರರಲ್ಲೇ ಅನೇಕರು 45 ಇಂಚಿನ ಒಳಗೇ ಇರುತ್ತಾರೆ. ವಾರಕ್ಕೊಮ್ಮೆ ಆಡುವವರ ಕೈಗೆ ಮಾತ್ರ ಅವರಿಗಿಂತ ಉದ್ದನೆಯ ಕೋಲು! ಇದು ಮಾರಾಟದ ಜಾಣತನವೇ ಹೊರತು ಆಟದ ಜಾಣತನವಲ್ಲ. ಪರೀಕ್ಷಿಸಲು ಖರ್ಚೇನೂ ಇಲ್ಲ. ಗ್ರಿಪ್ಪನ್ನು ಒಂದಿಂಚು ಕೆಳಗೆ ಹಿಡಿದು ಹತ್ತು ಏಟು ಹೊಡೆಯಿರಿ, ಮುದ್ರೆಗಳು ಒತ್ತಾಗಿ ಬರುತ್ತವೆಯೇ ನೋಡಿ. ಬಂದರೆ ಶಾಫ್ಟ್ ಕತ್ತರಿಸುವುದು ಒಳ್ಳೆಯದು. ಒಂದು ಎಚ್ಚರಿಕೆ: ಕತ್ತರಿಸಿದರೆ ತಲೆ ಹಗುರವಾದಂತೆ ಅನ್ನಿಸುತ್ತದೆ. ತಲೆಗೆ ಕೆಲವು ಗ್ರಾಂ ತೂಕ ಸೇರಿಸಿಕೊಡಲು ಕ್ಲಬ್ ರಿಪೇರಿಯವರಿಗೆ ಹೇಳಿ.

ಇನ್ನು ಲಾಫ್ಟ್. ಅಂದರೆ ಫೇಸು ಎಷ್ಟು ಡಿಗ್ರಿ ಹಿಂದಕ್ಕೆ ಒರಗಿದೆ ಎಂಬುದು. ಇಲ್ಲಿ ನಮ್ಮ ಗಂಡಸರ ಜಂಬ ಅಡ್ಡ ಬರುತ್ತದೆ. 9 ಡಿಗ್ರಿಯ ಡ್ರೈವರ್ ಗಟ್ಟಿಗರದ್ದು, 12 ಡಿಗ್ರಿ ಅಂದರೆ ಹೆಂಗಸರದ್ದು, ವಯಸ್ಸಾದವರದ್ದು ಎಂಬ ಭಾವನೆ ಕ್ಲಬ್ಬುಗಳಲ್ಲಿ ಇನ್ನೂ ಇದೆ. ಟ್ರ್ಯಾಕ್‌ಮ್ಯಾನ್ ಎಂಬ ರೇಡಾರ್ ಯಂತ್ರದ ಕಂಪನಿಯವರು ಕೆಲವು ವರ್ಷಗಳ ಹಿಂದೆ ಪ್ರಕಟಿಸಿದ ಸರಾಸರಿಗಳನ್ನು ಈ ಮಹನೀಯರ ಮುಂದೆ ಇಡಬೇಕು. ಅಮೆರಿಕದ ವೃತ್ತಿಪರ ಮಹಿಳಾ ಟೂರಿನ ಆಟಗಾರ್ತಿಯರ ಕ್ಲಬ್ಬಿನ ತಲೆಯ ಸರಾಸರಿ ವೇಗ ಗಂಟೆಗೆ 94 ಮೈಲಿಯ ಆಸುಪಾಸು. ಸಾಧಾರಣ ಕ್ಲಬ್ ಆಟಗಾರನಾದ ಗಂಡಸಿನದು 93ರ ಆಸುಪಾಸು. ವೇಗ ಹೆಚ್ಚುಕಡಿಮೆ ಒಂದೇ. ಆದರೆ ಆಟಗಾರ್ತಿಯರ ಚೆಂಡು ಗಾಳಿಯಲ್ಲೇ 218 ಗಜದಷ್ಟು ಸಾಗುತ್ತದೆ. ನಮ್ಮ ಗಂಡಸಿನ ಚೆಂಡು ನೆಲದ ಮೇಲಿನ ಉರುಳಾಟವನ್ನೂ ಸೇರಿಸಿ 214 ಗಜ! ವ್ಯತ್ಯಾಸಕ್ಕೆ ಕಾರಣ ತೋಳಿನ ಬಲವಲ್ಲ. ಅವರು ಚೆಂಡನ್ನು ನಡುವಿಗೆ ತಾಗಿಸುತ್ತಾರೆ. ಜೊತೆಗೆ, ಕ್ಲಬ್ಬು ಕೆಳಮಟ್ಟ ದಾಟಿ ಮೇಲೇಳುವಾಗ ಹೊಡೆಯುತ್ತಾರೆ, ಸರಾಸರಿ 3 ಡಿಗ್ರಿ ಮೇಲ್ಮುಖವಾಗಿ. ಆದ್ದರಿಂದ ಚೆಂಡು 13 ಡಿಗ್ರಿ ಕೋನದಲ್ಲಿ ಚೆನ್ನಾಗಿ ಎದ್ದು ಹೊರಡುತ್ತದೆ. ನಾವು ಮೇಲಿನಿಂದ ಕೆಳಕ್ಕೆ ಕುಟ್ಟುತ್ತೇವೆ. ಅದರ ಮೇಲೆ 9 ಡಿಗ್ರಿಯ ಲಾಫ್ಟ್ ಬೇರೆ. ಚೆಂಡು ಪಾಪ ಏಳುವುದಾದರೂ ಹೇಗೆ?

ತಲೆಯ ವೇಗ 90 ಮೈಲಿಗಿಂತ ಕಡಿಮೆಯಿರುವವರು 10.5 ಡಿಗ್ರಿಯಿಂದ ಶುರು ಮಾಡಿ 12ರವರೆಗೂ ಹೊಡೆದು ನೋಡಬೇಕು. ವೇಗ ಇನ್ನೂ ಕಡಿಮೆಯಿದ್ದರೆ 13, 14ಕ್ಕೂ ನಾಚಿಕೊಳ್ಳಬೇಕಾಗಿಲ್ಲ. ಲಾಫ್ಟ್ ಹೆಚ್ಚಿದ್ದರೆ ಇನ್ನೊಂದು ಲಾಭವೂ ಉಂಟು: ಅದೇ ತಪ್ಪು ಏಟಿಗೆ ಚೆಂಡು ಪಕ್ಕಕ್ಕೆ ಬಾಗುವುದು ಕಡಿಮೆ. ಕಡಿಮೆ ಲಾಫ್ಟಿನ ಡ್ರೈವರಿನಲ್ಲಿ ಮರಗಳ ಸಾಲಿಗೆ ಹೋಗುವ ಚೆಂಡು, ಹೆಚ್ಚು ಲಾಫ್ಟಿನದರಲ್ಲಿ ರಫ್ಫಿನಲ್ಲೇ ನಿಂತೀತು. ತಲೆಯ ಮೇಲೆ ಅಚ್ಚಾದ ಅಂಕಿಯನ್ನು ಪೂರಾ ನಂಬಬೇಡಿ. ತಯಾರಿಕೆಯಲ್ಲಿ ಒಂದು ಡಿಗ್ರಿ ಆಚೀಚೆ ಆಗುವುದು ಇದ್ದದ್ದೇ. ತಲೆಗೆ ಶಾಫ್ಟ್ ಸೇರುವ ಹೊಸೆಲ್ ತಿರುಗಿಸಿ ಲಾಫ್ಟ್ ಹೆಚ್ಚಿಸಿದಾಗ ಫೇಸು ಸ್ವಲ್ಪ ಎಡಕ್ಕೆ ಮುಚ್ಚಿಕೊಳ್ಳುತ್ತದೆ ಎಂಬುದೂ ನೆನಪಿರಲಿ. ಸ್ಲೈಸ್ ಇರುವವರಿಗೆ ಅದು ವರ, ಚೆಂಡು ಎಡಕ್ಕೆ ಬಾಗುವ ಹುಕ್ ಇರುವವರಿಗೆ ಶಾಪ. ಈ ತಿರುಗಿಸಾಟವೆಲ್ಲ ಆಟ ಶುರುವಾಗುವ ಮುಂಚೆಯೇ ಮುಗಿಯಬೇಕು. ಪಂದ್ಯದ ನಡುವೆ ಬೇಕೆಂದೇ ತಿರುಗಿಸಿ ಹೊಡೆದರೆ ಅನರ್ಹರಾಗುತ್ತೀರಿ.

ಶಾಫ್ಟಿನ ವಿಷಯದಲ್ಲಿ ಜಾಹೀರಾತಿಗಿಂತ ಮೂಢನಂಬಿಕೆಯ ಕಾಟ ಹೆಚ್ಚು. ಶಾಫ್ಟಿನ ಮೇಲೆ ಆರ್, ಎಸ್, ಎಕ್ಸ್ ಎಂದು ಅಕ್ಷರ ಬರೆದಿರುತ್ತಾರೆ. ಆರ್ ಬಳುಕುವುದು, ಎಸ್ ಬಿಗಿ, ಎಕ್ಸ್ ಇನ್ನೂ ಬಿಗಿ. ಇದಕ್ಕೆ ಇಡೀ ಉದ್ಯಮಕ್ಕೆ ಸಾಮಾನ್ಯವಾದ ಅಳತೆಗೋಲೇ ಇಲ್ಲ. ಒಂದು ಕಂಪನಿಯ ಆರ್ ಇನ್ನೊಂದರ ಎಸ್‌ನಷ್ಟೇ ಬಿಗಿ ಇದ್ದೀತು. ಆದ್ದರಿಂದ ‘ನಾನು ಯಾವತ್ತೂ ಎಸ್‌ನಲ್ಲೇ ಹೊಡೆಯುವುದು’ ಎಂಬ ಮಾತಿಗೆ ಅರ್ಥವಿಲ್ಲ. ಅಕ್ಷರಕ್ಕಿಂತ ತೂಕ ಮುಖ್ಯ. 40 ಗ್ರಾಮಿನದೂ ಇದೆ, 70 ದಾಟಿದ್ದೂ ಇದೆ. ತೀರಾ ಹಗುರವಾದರೆ ತಲೆ ಎಲ್ಲಿದೆ ಎಂದು ಕೈಗೆ ತಿಳಿಯುವುದಿಲ್ಲ, ತೀರಾ ಭಾರವಾದರೆ ಹದಿನೈದನೆಯ ಗುಂಡಿಯ ಹೊತ್ತಿಗೆ ತೋಳು ಸೋಲುತ್ತದೆ. ಬೀಸು ಮುಗಿಸಿ ತೂರಾಡದೆ ನಿಲ್ಲಲು ಸಾಧ್ಯವಾಗುವ ತೂಕವನ್ನು ಆರಿಸಿಕೊಳ್ಳಿ.

ಗ್ರಿಪ್ಪನ್ನಂತೂ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಇಡೀ ಕೋಲಿನಲ್ಲಿ ನಿಮ್ಮ ಕೈ ಮುಟ್ಟುವುದು ಅದೊಂದನ್ನೇ. ನುಣುಪಾದ ಹಳೆಯ ಗ್ರಿಪ್ಪು ಬೆವರಿಗೆ ಜಾರುತ್ತದೆ. ಜಾರದಂತೆ ಬಿಗಿಯಾಗಿ ಹಿಡಿದರೆ ಮಣಿಕಟ್ಟು ಮರಗಟ್ಟುತ್ತದೆ, ಫೇಸು ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಚೆಂಡು ಬಲಕ್ಕೆ ಹೋಗುತ್ತದೆ. ಕರಾವಳಿಯ ಸೆಕೆಯಲ್ಲಿ ಆಡುವವರಿಗೆ ಇದು ಇನ್ನೂ ನಿಜ. ಅರ್ಧ ಲಕ್ಷದ ಡ್ರೈವರಿನ ಮೇಲೆ ಕಣ್ಣಿಡುವ ಮೊದಲು ಹೊಸ ಗ್ರಿಪ್ಪು ಹಾಕಿಸಿ ನೋಡಿ.

ಇಷ್ಟು ತಿಳಿದುಕೊಂಡು ಫಿಟ್ಟಿಂಗಿಗೆ, ಅಂದರೆ ಡ್ರೈವರನ್ನು ಅಳತೆಗೆ ಹೊಂದಿಸಿಕೊಳ್ಳಲು, ಹೋದರೆ ಅಲ್ಲಿ ಏನು ನಡೆಯುತ್ತದೆ? ಒಬ್ಬ ಆಟಗಾರರನ್ನು ಊಹಿಸಿಕೊಳ್ಳೋಣ. ಐವತ್ತೈದರ ಪ್ರಾಯ. ಅವರ ಡ್ರೈವರ್ ಒಂಬತ್ತು ಡಿಗ್ರಿ, ಎಸ್ ಶಾಫ್ಟ್, ನಲವತ್ತೈದೂ ಮುಕ್ಕಾಲು ಇಂಚು. ಚೆಂಡಿನ ಹಿಂದೆ ಒಂದು ಸಣ್ಣ ಪೆಟ್ಟಿಗೆ ಇದೆ, ಅದೇ ಲಾಂಚ್ ಮಾನಿಟರ್. ಹೊಡೆದ ಕೂಡಲೇ ಅಂಕಿಗಳು ಪರದೆಯ ಮೇಲೆ ಬೀಳುತ್ತವೆ.

‘ಸಾರ್, ಹೊಸದು ಆಮೇಲೆ ನೋಡೋಣ. ಮೊದಲು ನಿಮ್ಮದರಲ್ಲೇ ಹೊಡೀರಿ.’

‘ಇದ್ರಲ್ಲಿ ಇನ್ನೂರಿಪ್ಪತ್ತು ಹೋಗುತ್ತೆ ಕಣಪ್ಪಾ.’

‘ಹೋಗಿರುತ್ತೆ ಸಾರ್, ಒಂದೊಂದು ಸಲ. ನೀವು ಮಾಮೂಲಿ ಹೊಡೆಯೋ ಹಾಗೆ ಹೊಡೀರಿ, ನನ್ನ ಮುಂದೆ ಜೋರು ಬೇಡ.’

ಪರದೆಯ ಮೇಲೆ ತಲೆಯ ವೇಗ 86 ಮೈಲಿ, ಚೆಂಡಿನದು 119. ಹೊರಟ ಕೋನ 8 ಡಿಗ್ರಿ. ಸ್ಪಿನ್ ನಿಮಿಷಕ್ಕೆ 3,300 ಸುತ್ತು. ಗಾಳಿಯಲ್ಲಿ ಸಾಗಿದ್ದು 170 ಗಜ. ಫೇಸಿನ ಮುದ್ರೆ ಹೀಲಿನ ಕಡೆಗೆ, ಕೆಳಗೆ. ಫಿಟ್ಟರ್ ಮೊದಲು ಕೋಲನ್ನು ಮುಟ್ಟುವುದೇ ಇಲ್ಲ. ಟೀಯನ್ನು ಎತ್ತರಿಸುತ್ತಾನೆ, ಚೆಂಡಿನ ಅರ್ಧ ಭಾಗ ತಲೆಯ ನೆತ್ತಿಗಿಂತ ಮೇಲೆ ಕಾಣುವಷ್ಟು. ಮುದ್ರೆ ಸ್ವಲ್ಪ ಮೇಲೇರುತ್ತದೆ. ಆಮೇಲೆ ಶಾಫ್ಟ್ ಬದಲಿಸುತ್ತಾನೆ: ಒಂದಿಂಚು ಗಿಡ್ಡ, 50 ಗ್ರಾಂ, ಆರ್. ತಲೆ 12 ಡಿಗ್ರಿಯದು. ಬೀಸಿನ ವೇಗ ಒಂದು ಮೈಲಿ ಇಳಿದು 85 ಆಗುತ್ತದೆ. ಆದರೆ ಚೆಂಡಿನ ವೇಗ 122ಕ್ಕೆ ಏರುತ್ತದೆ. ಕೋನ 13 ಡಿಗ್ರಿ, ಸ್ಪಿನ್ 2,800. ಗಾಳಿಯಲ್ಲಿ 190 ಗಜ. ಲಾಫ್ಟ್ ಹೆಚ್ಚಿಸಿದರೂ ಸ್ಪಿನ್ ಇಳಿದದ್ದು ಹೇಗೆ ಎಂದು ಕೇಳಬಹುದು. ಚೆಂಡು ಈಗ ಫೇಸಿನ ಮೇಲ್ಭಾಗಕ್ಕೆ ತಾಗುತ್ತಿದೆ, ಅದಕ್ಕೆ. ಈ 20 ಗಜದಲ್ಲಿ ತಲೆಯ ಕಂಪನಿಯ ಪಾಲು ತೀರಾ ಕಡಿಮೆ.

ಫಿಟ್ಟಿಂಗಿನಲ್ಲಿ ಮೋಸ ಹೋಗುವುದು ಮುಖ್ಯವಾಗಿ ಒಂದು ಕಡೆ. ಹತ್ತು ಏಟಿನಲ್ಲಿ ಒಂದು ಅದ್ಭುತವಾಗಿ ಹೋಗುತ್ತದೆ, ಪರದೆಯಲ್ಲಿ 235 ಎಂದು ಹಸಿರು ಅಂಕಿ ಹೊಳೆಯುತ್ತದೆ, ಕೈ ಜೇಬಿಗೆ ಹೋಗುತ್ತದೆ. ಆ ಏಟನ್ನು ಮರೆಯಿರಿ. ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ಉಳಿದವುಗಳ ಸರಾಸರಿ ಕೇಳಿ. ಅದಕ್ಕಿಂತ ಮುಖ್ಯವಾಗಿ, ಚೆಂಡುಗಳು ಎಡದಿಂದ ಬಲಕ್ಕೆ ಎಷ್ಟು ಅಗಲಕ್ಕೆ ಚದುರಿವೆ ಎಂದು ನೋಡಿ. ಐದು ಗಜ ಕಡಿಮೆ ಹೋಗಿ ಫೇರ್‌ವೇಯಲ್ಲಿ ಬೀಳುವ ಡ್ರೈವರೇ ನಿಮ್ಮದು. ಸಾಧ್ಯವಾದರೆ ನೀವು ಆಡುವ ಚೆಂಡನ್ನೇ ಕೊಂಡೊಯ್ಯಿರಿ. ರೇಂಜಿನ ಸವೆದ ಚೆಂಡುಗಳು ಹೇಳುವುದು ಅವುಗಳದೇ ಕಥೆ. ಬೆಳಿಗ್ಗೆ ಸುತ್ತು ಆಡಿ ದಣಿದು ಮಧ್ಯಾಹ್ನ ಫಿಟ್ಟಿಂಗಿಗೆ ಹೋಗಬೇಡಿ.

ನಮ್ಮ ನೆಲ, ನಮ್ಮ ಹವೆಯ ಲೆಕ್ಕವೂ ಸ್ವಲ್ಪ ಇರಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿ ತೆಳು, ಚೆಂಡಿಗೆ ಅಡ್ಡಿ ಕಡಿಮೆ. ಕಡಲತೀರಕ್ಕೆ ಹೋಲಿಸಿದರೆ ನೂರು ಗಜಕ್ಕೆ ಮೂರ್ನಾಲ್ಕು ಗಜ ಹೆಚ್ಚು ಸಾಗುತ್ತದೆ. ಮಡಿಕೇರಿಯ ಗಾಲ್ಫ್ ಮೈದಾನದಲ್ಲಿ ಇನ್ನೂ ತುಸು ಹೆಚ್ಚು. ಮಂಗಳೂರಿನ ಪಿಲಿಕುಳದಲ್ಲಿ ಆಡುವವರು ಬೆಂಗಳೂರಿನವರ ಗಜದ ಲೆಕ್ಕ ಕೇಳಿ ಬೇಸರಪಡಬೇಕಾಗಿಲ್ಲ. ಮಳೆಗಾಲದಲ್ಲಿ ಎಲ್ಲ ಕಡೆಯೂ ಫೇರ್‌ವೇ ನೆನೆದು, ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ಉರುಳುವುದೆಂಬುದೇ ಇಲ್ಲ. ಆಗ ಗಾಳಿಯಲ್ಲಿ ಸಾಗಿದ್ದಷ್ಟೇ ಲಾಭ. ತಗ್ಗಿನಲ್ಲಿ ಹೊರಟು ಬೇಸಿಗೆಯ ಗಟ್ಟಿ ನೆಲದ ಮೇಲೆ ಉರುಳಿ ದೂರ ಹೋಗುವ ಡ್ರೈವರು ಜುಲೈನಲ್ಲಿ ಕೈಕೊಡುತ್ತದೆ. ಲಾಫ್ಟ್ ಹೆಚ್ಚಿರಲಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಊರ ನಡುವಿನ ಹಳೆಯ ಮೈದಾನಗಳು ಗಿಡ್ಡ, ಇಕ್ಕಟ್ಟು. ಅಲ್ಲಿ ಎಷ್ಟೋ ಗುಂಡಿಗಳಲ್ಲಿ ಡ್ರೈವರನ್ನು ಚೀಲದಿಂದ ತೆಗೆಯದಿರುವುದೇ ವಿವೇಕ. ಅಮೆರಿಕದ ವೃತ್ತಿ ಆಟಗಾರ ಫಿಲ್ ಮಿಕಲ್ಸನ್ 2006ರಲ್ಲಿ ಎರಡು ಡ್ರೈವರ್ ಇಟ್ಟುಕೊಂಡು ಮಾಸ್ಟರ್ಸ್ ಗೆದ್ದರು. ಅದೇ ಮನುಷ್ಯ 2013ರಲ್ಲಿ ಮ್ಯೂರ್‌ಫೀಲ್ಡಿನಲ್ಲಿ ಡ್ರೈವರೇ ಇಲ್ಲದೆ ಓಪನ್ ಗೆದ್ದರು. ಮೈದಾನ ಕೇಳಿದಂತೆ ಚೀಲ ತುಂಬಿಕೊಂಡರು, ಅಷ್ಟೆ.

ನಮ್ಮದೇ ಊರಿನ ಉದಾಹರಣೆ ಇರುವಾಗ ಅಮೆರಿಕದವರೆಗೆ ಏಕೆ ಹೋಗಬೇಕು? ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಬಂದದ್ದು ನಿಮಗೆ ನೆನಪಿರಬೇಕು. ಕಸುಮಿಗಸೆಕಿ ಮೈದಾನದಲ್ಲಿ ನಾಲ್ಕು ಸುತ್ತು, ಒಟ್ಟು 15 ಅಂಡರ್ ಪಾರ್. ಒಂದೇ ಒಂದು ಏಟಿನಿಂದ ಪದಕ ತಪ್ಪಿತು. ಅದುವರೆಗೆ ಗಾಲ್ಫ್ ಎಂದರೆ ಏನೆಂದೇ ತಿಳಿಯದವರೂ ಆ ಶನಿವಾರ ಬೆಳಿಗ್ಗೆ ಟೀವಿ ಮುಂದೆ ಕೂತಿದ್ದರು. ಚೀಲ ಹೊತ್ತು ಜೊತೆಗೆ ನಡೆದದ್ದು ಅವರ ತಾಯಿ. ಅದಿತಿ ದೂರ ಹೊಡೆಯುವುದರಲ್ಲಿ ಆ ಕೂಟದ ಕೊನೆಯ ಸಾಲಿನವರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಕೋವಿಡ್ ಬಂದು ಇನ್ನಷ್ಟು ಶಕ್ತಿ ಕುಂದಿತ್ತು. ಎದುರಾಳಿಗಳು ಗಿಡ್ಡ ಐರನ್ ಹಿಡಿದು ಗ್ರೀನಿಗೆ ಹೊಡೆಯುತ್ತಿದ್ದ ಕಡೆ ಇವರು ಫೇರ್‌ವೇ ವುಡ್, ಹೈಬ್ರಿಡ್ ಹಿಡಿಯಬೇಕಾಗಿತ್ತು. ಹಾಗಿದ್ದೂ ಪದಕದ ಅಂಚಿನವರೆಗೆ ಬಂದರು. ಗಜದ ಹುಚ್ಚು ಹಿಡಿದವರು ಆ ನಾಲ್ಕು ಸುತ್ತುಗಳ ದಾಖಲೆಯನ್ನು ಒಮ್ಮೆ ನೋಡಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಒಂದು ಮಾತು. ಅಂಗಡಿಗಳಲ್ಲಿ ‘ಲೇಡೀಸ್’ ಎಂದು ಬಣ್ಣ ಬಳಿದು ಇಟ್ಟ ಡ್ರೈವರನ್ನು ಅಳತೆ ನೋಡದೆ ಕೊಟ್ಟುಬಿಡುತ್ತಾರೆ. ಗಂಡನ ಹಳೆಯ ಡ್ರೈವರನ್ನು ಹೆಂಡತಿಗೆ ದಾಟಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ಬಿಗಿ ಶಾಫ್ಟ್, ಭಾರದ ತಲೆ, ಕಡಿಮೆ ಲಾಫ್ಟ್. ಚೆಂಡು ಏಳುವುದಿಲ್ಲ, ‘ನನಗೆ ಈ ಆಟ ಬರೋದಿಲ್ಲ’ ಎಂದು ಅವರು ಬಿಟ್ಟುಬಿಡುತ್ತಾರೆ. ಮಕ್ಕಳಿಗೂ ಹೀಗೆಯೇ ಆಗುತ್ತದೆ. ಅವರವರ ಬೀಸಿನ ವೇಗ ಅಳೆದು ಕೊಡಿಸಿ.

ಕೊನೆಗೆ ಹಣದ ಮಾತು. ಹೊಸ ಮಾದರಿ ಬಂದ ಕೂಡಲೇ ಹಿಂದಿನ ವರ್ಷದ್ದರ ಬೆಲೆ ಇಳಿಯುತ್ತದೆ. ಅದನ್ನು ಕೊಳ್ಳಿ. ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ. ಫೇಸಿನಲ್ಲಿ ಬಿರುಕಿದೆಯೇ ನೋಡಿ, ತಲೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಏನಾದರೂ ಗಡಗಡ ಎನ್ನುತ್ತದೆಯೇ ಕೇಳಿ. ಬೆಲೆ ತೀರಾ ಅಗ್ಗವಾಗಿದ್ದರೆ ನಕಲಿ ಇರಬಹುದು; ದೊಡ್ಡ ಕಂಪನಿಗಳ ಹೆಸರಿನ ನಕಲಿ ಕ್ಲಬ್ಬುಗಳು ಎಲ್ಲ ದೇಶಗಳಲ್ಲೂ ಓಡಾಡುತ್ತಿವೆ. ಪಂದ್ಯಗಳಲ್ಲಿ ಆಡುವವರು ತಮ್ಮ ಡ್ರೈವರಿನ ತಲೆ ಆಡಳಿತ ಸಂಸ್ಥೆಗಳು ಪ್ರಕಟಿಸುವ ಒಪ್ಪಿತ ಪಟ್ಟಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಉಳಿದ ಹಣವನ್ನು ಒಬ್ಬ ಒಳ್ಳೆಯ ಕೋಚ್ ಬಳಿ ನಾಲ್ಕು ಪಾಠಕ್ಕೆ ಕೊಡಿ. ಚೆಂಡು ಯಾವ ಕಡೆಗೆ ಹೊರಡುತ್ತದೆ ಎನ್ನುವುದನ್ನು ಬಹುಪಾಲು ನಿರ್ಧರಿಸುವುದು ಏಟಿನ ಕ್ಷಣದಲ್ಲಿ ಫೇಸು ನೋಡುತ್ತಿದ್ದ ದಿಕ್ಕು. 40 ಗಜ ಬಲಕ್ಕೆ ತಿರುಗುವ ಸ್ಲೈಸನ್ನು ಹೀಲಿನಲ್ಲಿಟ್ಟ ಹತ್ತು ಗ್ರಾಂ ತೂಕ ಐದಾರು ಗಜ ಕಡಿಮೆ ಮಾಡೀತು, ಪೂರ್ತಿ ವಾಸಿ ಮಾಡುವುದಿಲ್ಲ. ವಾಸಿ ಮಾಡುತ್ತದೆ ಎಂದು ಮಾರುವವರ ಮಾತನ್ನು ನಂಬಬೇಡಿ.

ಅಂಗಡಿಗೆ ಹೋದಾಗ ಒಂದೇ ಬೇಡಿಕೆ ಇಡಿ. ನಿಮ್ಮ ಹಳೆಯ ಡ್ರೈವರನ್ನೂ ಹೊಸದನ್ನೂ ಅದೇ ಯಂತ್ರದ ಮುಂದೆ, ಅದೇ ಚೆಂಡಿನಲ್ಲಿ, ಒಂದಾದ ಮೇಲೊಂದು ಹೊಡೆಯಲು ಬಿಡಲಿ. ಎರಡರ ಸರಾಸರಿಯನ್ನೂ ಚದುರಿದ ಅಗಲವನ್ನೂ ಬರೆದು ಕೊಡಲಿ. ಹಳೆಯದೇ ಗೆದ್ದರೆ ಅದಕ್ಕೆ ಹೊಸ ಗ್ರಿಪ್ಪು ಹಾಕಿಸಿಕೊಂಡು ಮನೆಗೆ ಬನ್ನಿ. ಹೋಲಿಸಿ ನೋಡಲು ಬಿಡುವುದಿಲ್ಲ ಎಂದರೆ ಆ ಅಂಗಡಿಯಲ್ಲಿ ಡ್ರೈವರ್ ಕೊಳ್ಳಬೇಡಿ.